ಎಡಗಡೆಯ ಚಕ್ರದ ತೂಕ

ಪ್ರಹ್ಲಾದನ ಕೆಲಸ ಬ್ರೇಕಿನ ಸದ್ದು ಕೇಳುವುದು. ಜಪಾನಿನ ಕನಗಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇಪ್ಪತ್ಮೂರು ವರ್ಷದಿಂದ ಅದನ್ನೇ ಮಾಡುತ್ತಿದ್ದಾನೆ. ಯಾವ ಬ್ರೇಕು ಎಷ್ಟು ಬಿಸಿಯಾದಾಗ ಕಿರುಚುತ್ತದೆ ಎಂದು ಕಣ್ಣುಮುಚ್ಚಿ ಹೇಳಬಲ್ಲ. ಗವೀಪುರದ ಹುಡುಗ, ನನ್ನ ಜೊತೆ ಒಂದೇ ಕಾಲೇಜಿನಲ್ಲಿ ಓದಿದವನು. ಮನೆಯಿಂದ ಹೊರಡುವಾಗ ಗ್ಯಾಸ್ ಆಫ್ ಮಾಡಿದ್ದನ್ನು ಎರಡು ಸಲ ನೋಡಿ ಬರುವ ಜಾತಿ. ಅಂಥವನ ಗಾಡಿಯ ಟೈರು ಹೆದ್ದಾರಿಯ ನಡುವೆ ಒಡೆಯಿತು ಎಂದಾಗ ಮೊದಲು ನಾನು ನಂಬಲಿಲ್ಲ.

ಆ ಗಾಡಿ ಏಕೆ ಬಂತು ಎಂಬುದನ್ನು ಮೊದಲು ಹೇಳಬೇಕು. ಮೂರು ವರ್ಷದ ಹಿಂದೆ ಅವನ ಹೆಂಡತಿ ಸುಶೀಲಾ ಅವರಿಗೆ ಕರುಳಿನ ಆಪರೇಷನ್ ಆಯಿತು. ಜೀವ ಉಳಿಯಿತು. ಆದರೆ ಹೊಟ್ಟೆಯ ಪಕ್ಕಕ್ಕೆ ಸದಾ ಒಂದು ಚೀಲ ಅಂಟಿಸಿಕೊಂಡಿರಬೇಕು, ಅದನ್ನು ಆಗಾಗ ಖಾಲಿ ಮಾಡಬೇಕು, ಬದಲಾಯಿಸಬೇಕು. ಜಪಾನಿನ ಹೆದ್ದಾರಿಯ ತಂಗುದಾಣಗಳಲ್ಲಿ ಅದಕ್ಕೆಂದೇ ಬೇರೆ ಸಿಂಕು ಇರುವ ಟಾಯ್ಲೆಟ್ಟುಗಳಿವೆ, ಹಗಲು ತೊಂದರೆಯಿಲ್ಲ. ತೊಂದರೆ ಆದದ್ದು ಹಕೋನೆಯ ಒಂದು ವಸತಿಗೃಹದಲ್ಲಿ. ಬೆಳಿಗ್ಗೆ ಎದ್ದಾಗ ಚೀಲ ಸೋರಿ ಹಾಸಿಗೆಯೆಲ್ಲ ಹಾಳಾಗಿತ್ತು. ಅಲ್ಲಿಯ ಹೆಂಗಸು ಒಂದು ಮಾತೂ ಆಡಲಿಲ್ಲ, ತಲೆಬಾಗಿ ಹಾಸಿಗೆ ಮಡಚಿಕೊಂಡು ಹೋದಳು. ಆ ಮೌನವನ್ನೇ ಸುಶೀಲಾ ಅವರಿಗೆ ತಡೆಯಲಾಗಲಿಲ್ಲ. ಮನೆಗೆ ಬಂದವರು ಮತ್ತೆ ಎಲ್ಲಿಗೂ ಹೊರಡಲಿಲ್ಲ. ಸೆಂಡಾಯ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಮಗಳು ಸಿಂಧೂರಾಳ ರೂಮನ್ನು ಕೂಡ ಫೋನಿನಲ್ಲೇ ನೋಡಿದ್ದು.

ಪ್ರಹ್ಲಾದ ಯಾರಿಗೂ ಹೇಳದೆ ಡ್ರೈವಿಂಗ್ ಸ್ಕೂಲಿಗೆ ಸೇರಿಕೊಂಡ. ಭಾರದ ಟ್ರೇಲರ್ ಎಳೆಯಲು ಇಲ್ಲಿ ಬೇರೆಯೇ ಲೈಸೆನ್ಸ್ ಬೇಕು. ಐವತ್ಮೂರನೇ ವಯಸ್ಸಿನಲ್ಲಿ, ಲಾರಿ ಓಡಿಸಲು ಬಂದ ಹುಡುಗರ ಜೊತೆ ನಿಂತು ಹಿಮ್ಮುಖವಾಗಿ ತಿರುಗಿಸುವುದನ್ನು ಕಲಿತ. ಎರಡು ಸಲ ಫೇಲಾದ. ಮೂರನೆಯ ಸಲ ಪಾಸಾಗಿ, ಕಾರಿನ ಹಿಂದೆ ಎಳೆಯುವ ಒಂದು ಮನೆಯನ್ನೇ ತಂದು ನಿಲ್ಲಿಸಿದ. ಯೂರೋಪಿನಲ್ಲಿ ತಯಾರಾದ ಸೆಕೆಂಡ್ ಹ್ಯಾಂಡ್ ಗಾಡಿ, ಅಚ್ಚು ಒಂದೇ, ಚಕ್ರ ಎರಡು. ಒಳಗೆ ಮಂಚ, ಒಲೆ, ಎಲ್ಲಕ್ಕಿಂತ ಮುಖ್ಯವಾಗಿ ಸ್ವಂತದ್ದೊಂದು ಟಾಯ್ಲೆಟ್ಟು.

"ಇದರಲ್ಲಿ ಏನು ಸೋರಿದ್ರೂ ನಮ್ಮದೇ ಹಾಸಿಗೆ," ಅಂದ. ಸುಶೀಲಾ ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಹೊರಗೆ ಬರಲಿಲ್ಲವಂತೆ. ಬಂದಾಗ ಕಣ್ಣು ಕೆಂಪಗಿದ್ದವು. "ಪರದೆ ಬದಲಾಯಿಸ್ಬೇಕು," ಅಂದರಂತೆ, ಅಷ್ಟೆ.

ಹತ್ತಿರದ ಒಂದೆರಡು ಕಡೆ ಹೋಗಿಬಂದ ಮೇಲೆ, 2024ರ ಮೇ ತಿಂಗಳಲ್ಲಿ ಸೆಂಡಾಯ್‌ಗೆ ಹೊರಟರು. ರಜೆಯ ನೂಕುನುಗ್ಗಲು ಕಳೆದಿತ್ತು, ಗದ್ದೆಗಳಿಗೆ ನೀರು ಕಟ್ಟಿದ್ದರು. ಪ್ರಹ್ಲಾದ ಟೈರಿನ ಗ್ರಿಪ್ಪು ಅಳೆದ, ಏಳು ಮಿಲಿಮೀಟರ್ ಇತ್ತು. ಗಾಳಿ ನೋಡಿದ, ಸರಿಯಿತ್ತು. ಮಾರಿದವನೂ ಗಾಡಿ ಹೆಚ್ಚು ಓಡೇ ಇಲ್ಲ, ಶೆಡ್ಡಿನಲ್ಲೇ ನಿಂತಿತ್ತು ಎಂದಿದ್ದ. ನೋಡಲು ಟೈರು ಹೊಚ್ಚಹೊಸದು.

ಅರ್ಧ ದಾರಿಯಲ್ಲಿ ಸಿಗುವ ನಾಸು ದಾಟಿದ ಮೇಲೆ, ಬೆಳಗಿನ ಹತ್ತೂವರೆ ಸುಮಾರಿಗೆ, ಸುಶೀಲಾ ಅವರು ಪಕ್ಕದ ಕನ್ನಡಿ ನೋಡುತ್ತಾ, "ರೀ, ಹಿಂದೆ ಏನೋ ಹೊಗೆ ಥರ ಕಾಣ್ತಿದೆ," ಅಂದರು. ಅವರು ಮಾತು ಮುಗಿಸುವಷ್ಟರಲ್ಲಿ ಢಬ್ ಎಂದು ಸದ್ದಾಯಿತು. ಹಿಂದೆಯೇ ಯಾರೋ ತಗಡಿನ ಮೇಲೆ ಚಾಟಿ ಬೀಸಿದ ಹಾಗೆ ಪಟಪಟ ಪಟಪಟ. ಟ್ರೇಲರ್ ಎಡಕ್ಕೆ ಎಳೆಯಿತು, ಆಮೇಲೆ ಬಾಲ ಬೀಸಲು ಶುರುಮಾಡಿತು. ಕಾರಿನ ಹಿಂಭಾಗ ಅದರ ಜೊತೆಗೆ ತೂಗಾಡಿತು.

ಕಾಲು ಬ್ರೇಕಿನ ಮೇಲೆ ಹೋಗುವುದರಲ್ಲಿತ್ತು. "ಆಗ ಬ್ರೇಕ್ ತುಳಿದಿದ್ರೆ ನಾನಿವತ್ತು ನಿನ್ನ ಮುಂದೆ ಕೂತು ಕಾಫಿ ಕುಡೀತಿರ್ಲಿಲ್ಲ ಕಣೋ," ಎಂದು ಆಮೇಲೆ ನನಗೆ ಹೇಳಿದ. ಸ್ಟಿಯರಿಂಗ್ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ಎತ್ತಿದ. ಎಂಬತ್ತರಲ್ಲಿದ್ದ ಗಾಡಿ ಎಪ್ಪತ್ತಾಯಿತು, ಅರವತ್ತಾಯಿತು. ತೂಗಾಟ ತಗ್ಗಿತು. ಹಿಂದೆ ಬರುತ್ತಿದ್ದ ಒಂದು ದೊಡ್ಡ ಲಾರಿ ನಾಲ್ಕೂ ದೀಪ ಮಿನುಗಿಸುತ್ತಾ ತಾನೂ ನಿಧಾನ ಮಾಡಿ, ಉಳಿದ ವಾಹನಗಳನ್ನು ತನ್ನ ಹಿಂದೆ ತಡೆದುಕೊಂಡು ಬಂತು. ಪ್ರಹ್ಲಾದ ರಸ್ತೆಯ ಅಂಚಿಗೆ ತಂದು ನಿಲ್ಲಿಸುವ ತನಕ ಕಾದು, ಒಂದು ಸಣ್ಣ ಹಾರ್ನ್ ಹೊಡೆದು ಮುಂದೆ ಹೋಯಿತು. ಡ್ರೈವರನ ಮುಖ ಕೂಡ ಇವರಿಗೆ ಕಾಣಲಿಲ್ಲ.

ತಡೆಬೇಲಿಯ ಆಚೆ ಹೋಗಿ ನಿಲ್ಲಬೇಕು, ಅದು ನಿಯಮ. ಸುಶೀಲಾ ಹೊಟ್ಟೆಯ ಆಪರೇಷನ್ ಆದವರು, ಕಾಲೆತ್ತಿ ದಾಟಲು ಆಗಲಿಲ್ಲ. ಪ್ರಹ್ಲಾದ ಹೆಂಡತಿಯನ್ನು ಎತ್ತಿ ಆಚೆ ಇಳಿಸಿದ. ಹಿಂದೆ ಬರುವವರ ಎಚ್ಚರಿಕೆಗೆ ಕೆಂಪಗೆ ಉರಿಯುವ ಕಡ್ಡಿ ಹಚ್ಚಿಟ್ಟು, ತ್ರಿಕೋನದ ಫಲಕ ನಿಲ್ಲಿಸಿ, ಹೆದ್ದಾರಿಯ ನೆರವಿನವರಿಗೆ ಫೋನು ಮಾಡಿ ಬಂದು ಹುಲ್ಲಿನ ಮೇಲೆ ಕೂತ.

"ಸುಶೀಲಾ, ಏನೂ ಆಗಿಲ್ಲ ತಾನೇ? ಚೀಲ?"

"ಚೀಲ ಗಟ್ಟಿಯಾಗಿದೆ. ನೀವು ಮೊದಲು ನೀರು ಕುಡೀರಿ."

ಎಡಗಡೆ ಟೈರಿನ ಮೇಲ್ಪದರ ಸುಲಿದು ಹೋಗಿತ್ತು. ಆ ಪಟ್ಟಿಯೇ ತಿರುಗುತ್ತಾ ಚಕ್ರದ ಮೇಲಿನ ತಗಡನ್ನು ಹರಿದು, ಕೊಳೆ ನೀರಿನ ಪೈಪನ್ನು ಕಿತ್ತುಹಾಕಿತ್ತು. ನೆರವಿಗೆ ಬಂದವರು ಸ್ಟೆಪ್ನಿ ಹಾಕಿಕೊಟ್ಟರು. ಆದರೆ ಅದರಲ್ಲಿಯೂ ಬಿರುಕು ಕಂಡು, "ಮುಂದಿನ ಇಳಿದಾರಿಯಲ್ಲೇ ಇಳಿದುಬಿಡಿ. ಐವತ್ತರ ಮೇಲೆ ಹೋಗಬೇಡಿ," ಎಂದು ಹೇಳಿ, ಆ ಊರಿನ ಒಂದು ಟೈರ್ ಅಂಗಡಿಯ ಹೆಸರು ಬರೆದುಕೊಟ್ಟರು.

ಅಂಗಡಿ ನಡೆಸುತ್ತಿದ್ದವರು ಕನ್ನೋ ಎಂಬ ಹೆಂಗಸು, ಜಪಾನಿನ ಮರ್ಯಾದೆಯ ಮಾತಿನಲ್ಲಿ ಕನ್ನೋ ಸಾನ್. ಎಪ್ಪತ್ತರ ಹತ್ತಿರ ವಯಸ್ಸು, ಗಿಡ್ಡ ಆಳು, ಕಪ್ಪಾದ ಕೈಗವಸು. ಟ್ರ್ಯಾಕ್ಟರು, ಹಳ್ಳಿಯ ಪುಟ್ಟ ಲಾರಿ, ಇವುಗಳ ಟೈರೇ ಅಲ್ಲಿ ಹೆಚ್ಚು. ಅವರು ಒಡೆದ ಟೈರನ್ನು ಬಿಟ್ಟು ಮೊದಲು ಒಡೆಯದ ಬಲಗಡೆಯದನ್ನು ನೋಡಿದರು. ಗವಸು ತೆಗೆದು ಬರಿಗೈಯಲ್ಲಿ ಸುತ್ತಲೂ ಸವರಿದರು. ಒಂದು ಕಡೆ ಕೈ ನಿಂತಿತು.

"ಪ್ರಹ್ಲಾದ ಸಾನ್, ಇಲ್ಲಿ ಮುಟ್ಟಿ."

ಪುಟ್ಟ ಇಡ್ಲಿಯಷ್ಟು ಉಬ್ಬಿಕೊಂಡಿತ್ತು. ಅದೂ ಸುಲಿಯಲು ಸಿದ್ಧವಾಗಿತ್ತು. ಆಮೇಲೆ ಕನ್ನೋ ಸಾನ್ ಟೈರಿನ ಪಕ್ಕೆಯ ಮೇಲಿನ ಧೂಳು ಒರೆಸಿ ನಾಲ್ಕು ಅಂಕಿ ತೋರಿಸಿದರು: 3613. 2013ನೇ ಇಸವಿಯ ಮೂವತ್ತಾರನೇ ವಾರ. ಹನ್ನೊಂದು ವರ್ಷವಾಗುತ್ತಾ ಬಂದಿತ್ತು.

"ನೋಡೋಕೆ ಹೊಸದು, ಹುಟ್ಟಿದ್ದು ಹಳೇದು," ಅಂದರು. "ಓಡೋ ಗಾಡಿ ಟೈರು ಸವೆಯುತ್ತೆ. ನಿಂತ ಗಾಡಿ ಟೈರು ಒಳಗೊಳಗೇ ಒಣಗುತ್ತೆ. ಇಂಥ ಮನೆಗಾಡಿಗಳು ಯಾವಾಗಲೂ ಭಾರ ಹೊತ್ತುಕೊಂಡೇ ನಿಂತಿರುತ್ತವೆ. ಗ್ರಿಪ್ಪು ನೋಡಿ ನಂಬಬಾರದು."

ಆ ನಾಲ್ಕು ಅಂಕಿಯ ಅರ್ಥ ಪ್ರಹ್ಲಾದನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಕಾರಿನ ಟೈರು ಕೊಳ್ಳುವಾಗೆಲ್ಲ ನೋಡುವವನೇ. ಈ ಸಲ ಟೈರು ಚೆನ್ನಾಗಿ ಕಂಡದ್ದರಿಂದ ಬಗ್ಗಿ ನೋಡಲಿಲ್ಲ, ಅಷ್ಟೆ. ಅದನ್ನು ಹೇಳುವಾಗ ಈಗಲೂ ಅವನ ದನಿ ತಗ್ಗುತ್ತದೆ.

ಅಂಗಡಿಯಲ್ಲಿ ಅದೇ ಅಳತೆಯ ಕಾರಿನ ಟೈರು ಎರಡಿದ್ದವು. ಅವನ್ನೇ ಹಾಕಿಕೊಡಿ, ಮಗಳು ಕಾಯುತ್ತಿದ್ದಾಳೆ ಎಂದ. ಕನ್ನೋ ಸಾನ್ ಆಗದೆಂದು ಕೈಯಾಡಿಸಿಬಿಟ್ಟರು. "ಕೂರೋದು ಕೂರುತ್ತೆ. ಭಾರ ತಡೆಯಲ್ಲ. ಮೊದಲು ನಿಮ್ಮ ಗಾಡಿ ಎಷ್ಟು ಭಾರ ಇದೆ ಹೇಳಿ, ಆಮೇಲೆ ಟೈರು ಹೇಳ್ತೀನಿ."

"ಪೇಪರಿನಲ್ಲಿ ಸಾವಿರದೈನೂರು ಕಿಲೋ ತನಕ ಹಾಕಬಹುದು ಅಂತಿದೆ."

"ಪೇಪರ್ ಭಾರ ಬೇಡ. ಇವತ್ತಿನ ಭಾರ. ಒಂದೊಂದು ಚಕ್ರದ್ದೂ."

ಪಕ್ಕದ ಗುಜರಿ ಅಂಗಡಿಯಲ್ಲಿ ಲಾರಿ ತೂಗುವ ತಟ್ಟೆ ಇತ್ತು. ಗಾಡಿಯನ್ನು ಮೆಲ್ಲಗೆ ಅಲ್ಲಿಗೆ ಎಳೆದುಕೊಂಡು ಹೋಗಿ, ಮೊದಲು ಎಡಗಡೆಯ ಚಕ್ರವೊಂದನ್ನೇ ಅದರ ಮೇಲೆ ಹತ್ತಿಸಿದರು. ಏಳುನೂರ ತೊಂಬತ್ತು ಕಿಲೋ. ಬಲಗಡೆಯದು ಆರುನೂರ ಐವತ್ತು. ಒಡೆದ ಟೈರು ಹೊರಬಲ್ಲ ಭಾರ, ಅದು ಹೊಸದಾಗಿದ್ದಾಗಲೂ, ಏಳುನೂರ ಹತ್ತು.

ಎರಡೂ ಕೂಡಿದರೆ ಪೇಪರಿನ ಲೆಕ್ಕದೊಳಗೇ ಇತ್ತು. ಆದರೆ ಎಡಗಡೆಯ ಟೈರು ಪ್ರತಿಸಲವೂ ತನ್ನ ಶಕ್ತಿಗೆ ಮೀರಿ ಹೊತ್ತುಕೊಂಡು ಓಡಿತ್ತು. ಹೆಂಡತಿಗೆ ಸೆಖೆಯಾಗಬಾರದೆಂದು ಎಡಗಡೆಯ ಮಂಚದ ಕೆಳಗೆ ಏಸಿ ಕೂರಿಸಿದವನು ಪ್ರಹ್ಲಾದ. ಅದಕ್ಕೆಂದು ಎರಡು ದೊಡ್ಡ ಬ್ಯಾಟರಿ ಇಟ್ಟವನೂ ಅವನೇ. ನೀರಿನ ಟ್ಯಾಂಕೂ ಅದೇ ಕಡೆ. ಅವನು ಗುಜರಿ ಅಂಗಡಿಯ ಮರದ ದಿಮ್ಮಿಯ ಮೇಲೆ ಕೂತ.

"ಬೇರೆಯವರ ಗಾಡಿ ಟೆಸ್ಟ್ ಮಾಡಿ ಸಂಬಳ ತಗೊಳ್ತೀನಿ. ನನ್ನ ಹೆಂಡತೀನ ಕೂರಿಸ್ಕೊಂಡು ಹೋಗೋ ಗಾಡಿ ಒಂದ್ಸಲಾನೂ ತೂಗಿಲ್ಲ," ಅಂದ. "ಬೇಡ ಸುಶೀಲಾ. ಇದನ್ನ ಮಾರಿಬಿಡೋಣ."

"ಮಾರಿ," ಅಂದರು ಸುಶೀಲಾ. "ಮಾರಿದ್ಮೇಲೆ ನಾನು ಎಲ್ಲಿಗೆ ಹೋಗ್ಲಿ ಅಂತಾನೂ ಹೇಳಿ."

ಆಮೇಲೆ ಅವರೇ ಸ್ವಲ್ಪ ನಾಚಿಕೊಂಡು, "ಎಲ್ಲಾ ನಿಮ್ಮ ಬ್ಯಾಟರಿ ಭಾರ ಅಲ್ಲ. ಎಡಗಡೆ ಕಪಾಟಿನಲ್ಲಿ ಗ್ರೈಂಡರ್ ಇದೆ," ಅಂದರು.

"ಗ್ರೈಂಡರ್ರಾ?"

"ಸಿಂಧೂಗೆ ದೋಸೆ ಮಾಡಿಕೊಡೋಣ ಅಂತ. ಅಕ್ಕಿ, ಉದ್ದಿನಬೇಳೆ ಸೇರಿ ಇಪ್ಪತ್ತು ಕೆಜಿ ಇದೆ. ರಾಗಿಹಿಟ್ಟೂ ಇದೆ."

ಪ್ರಹ್ಲಾದನಿಗೆ ನಗು ಬಂತು. ಟೈರು ಒಡೆದ ಮೇಲೆ ಅದೇ ಮೊದಲ ನಗು. ಇಬ್ಬರೂ ನಗುವುದನ್ನು ಕಂಡು, ಕಾರಣ ತಿಳಿಯದಿದ್ದರೂ ಕನ್ನೋ ಸಾನ್ ಕೂಡ ನಕ್ಕರು.

ಸರಿಯಾದ ಟೈರು ಬರಲು ಎರಡು ದಿನ ಬೇಕಿತ್ತು. ಸಾಮಾನು ಸಾಗಿಸುವ ಸಣ್ಣ ಲಾರಿಗಳಿಗೆ ಹಾಕುವ ಗಟ್ಟಿ ಜಾತಿಯದು, ಒಂದೊಂದೂ ಒಂಬೈನೂರು ಕಿಲೋ ಹೊರುತ್ತದೆ. ತರಿಸುವ ಮುಂಚೆ ಕನ್ನೋ ಸಾನ್ ಚಕ್ರದ ಕಬ್ಬಿಣದ ರಿಮ್ಮಿನ ಒಳಗೆ ಟಾರ್ಚ್ ಬಿಟ್ಟು ಅದರ ಮೇಲೆ ಅಚ್ಚಾಗಿದ್ದ ಅಂಕಿ ಓದಿದರು. ಇಂಥ ಟೈರಿಗೆ ಗಾಳಿ ಹೆಚ್ಚು ಹಾಕಬೇಕು, ಅದನ್ನು ರಿಮ್ಮು ತಡೆಯಬೇಕು. ತಡೆಯುತ್ತದೆ ಎಂದು ಖಚಿತವಾದ ಮೇಲೆಯೇ ಫೋನೆತ್ತಿದರು. ಎರಡಲ್ಲ, ಸ್ಟೆಪ್ನಿಗೂ ಸೇರಿ ಮೂರು ಬೇಕೆಂದರು. ಟೈರು ತಯಾರಾದ ವಾರ ಯಾವುದು ಎಂದು ಆ ಕಡೆಯವರನ್ನು ಕೇಳಿ, ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡರು.

ಆ ಎರಡು ದಿನ ಗಾಡಿ ಅಂಗಡಿಯ ಹಿತ್ತಲಿನಲ್ಲೇ ನಿಂತಿತು. ಕಿತ್ತುಹೋದ ಪೈಪನ್ನು ಪ್ರಹ್ಲಾದನೇ ಜೋಡಿಸಿದ. ಒಂದು ಬ್ಯಾಟರಿಯನ್ನು ಬಲಗಡೆಗೆ ಸಾಗಿಸಿದ, ಟ್ಯಾಂಕಿನ ನೀರು ಅರ್ಧಕ್ಕಿಳಿಸಿದ. ಸುಶೀಲಾ ಅವರು ಕಪಾಟು ಖಾಲಿ ಮಾಡಿ, ದವಸವನ್ನೂ ಗ್ರೈಂಡರನ್ನೂ ಡಬ್ಬಗಳಿಗೆ ತುಂಬಿಸಿ, ಸೆಂಡಾಯ್‌ಗೆ ಕಳಿಸಲು, ಪಾರ್ಸೆಲ್ಲನ್ನೂ ತೆಗೆದುಕೊಳ್ಳುವ ಕೊಂಬಿನಿ ಅಂಗಡಿಗೆ ಒಯ್ದರು. ಒಳಗೆ ಏನಿದೆ ಎಂದು ಕೌಂಟರಿನ ಹುಡುಗಿ ಕೇಳಿದಾಗ ಅವರಿಗೆ ಜಪಾನಿ ಪದ ಹೊಳೆಯಲಿಲ್ಲ. "ಕಲ್ಲು," ಅಂದರು. "ಕಲ್ಲೇ?" "ಹೌದು, ಸುಮಿಮಾಸೆನ್, ಕ್ಷಮಿಸಿ, ಅಡುಗೆ ಮಾಡೋ ಕಲ್ಲು." ಹುಡುಗಿ ಚೀಟಿಯ ಮೇಲೆ ಹಾಗೆಯೇ ಬರೆದಳು.

ಕನ್ನೋ ಸಾನ್ ಬೆಳಿಗ್ಗೆ ಒಂದು ಕಟ್ಟು ಪಾಲಕ್ ಸೊಪ್ಪು ತಂದುಕೊಟ್ಟರು. ಸುಶೀಲಾ ಅವರು ಅದಕ್ಕೆ ತೊಗರಿಬೇಳೆ ಹಾಕಿ ಹುಳಿ ಮಾಡಿ ಒಂದು ಡಬ್ಬಿ ಕೊಟ್ಟರು. ಪರವೂರಿನಲ್ಲಿ, ಪರರ ಹಿತ್ತಲಿನಲ್ಲಿ ಎರಡು ರಾತ್ರಿ ಸುಶೀಲಾ ಚೆನ್ನಾಗಿ ನಿದ್ದೆ ಮಾಡಿದರು ಎಂಬುದು ಪ್ರಹ್ಲಾದನಿಗೆ ಆಮೇಲೆ ಹೊಳೆಯಿತು.

ಟೈರು ಬಂದವು. ಹಾಕಿ, ನಟ್ಟುಗಳನ್ನು ಅಳತೆಯ ಸ್ಪ್ಯಾನರಿನಲ್ಲಿ ಬಿಗಿದು, ಇನ್ನೊಮ್ಮೆ ತೂಗಿಸಿದರು. ಎಡಕ್ಕೆ ಏಳುನೂರು, ಬಲಕ್ಕೆ ಆರುನೂರ ಎಂಬತ್ತೈದು.

"ಐವತ್ತು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ನಟ್ಟು ನೋಡಿ. ಎರಡೂ ಟೈರಿಗೆ ಕೈಯಿಟ್ಟು ನೋಡಿ. ಒಂದು ಬೆಚ್ಚಗೆ, ಒಂದು ಸುಡೋ ಹಾಗಿದ್ರೆ ಮುಂದೆ ಹೋಗಬೇಡಿ," ಎಂದು ಹೇಳಿ ಕನ್ನೋ ಸಾನ್ ರಸ್ತೆಯ ತನಕ ಬಂದು ತಲೆಬಾಗಿದರು.

ಹೆದ್ದಾರಿ ಹತ್ತಿದಾಗ ಪ್ರಹ್ಲಾದ ರೇಡಿಯೋ ಆರಿಸಿದ. ಪ್ರತಿಯೊಂದು ಸದ್ದಿಗೂ ಕಿವಿ ನಿಮಿರುತ್ತಿತ್ತು. ಮೊದಲ ತಂಗುದಾಣದಲ್ಲಿ ನಿಲ್ಲಿಸಿ, ಮಂಡಿಯೂರಿ, ಎಡ ಟೈರಿಗೆ ಕೈಯಿಟ್ಟ. ಓಡಿ ಹೋಗಿ ಬಲದ್ದಕ್ಕೆ ಇಟ್ಟ. ಎರಡೂ ಒಂದೇ ಹದವಾಗಿ ಬೆಚ್ಚಗಿದ್ದವು. ನಟ್ಟು ಒಂದೂ ಕದಲಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಚಕ್ರಕ್ಕೆ ಬೆನ್ನು ಕೊಟ್ಟು, ಉದ್ದಕ್ಕೆ ಒಂದು ಉಸಿರು ಬಿಟ್ಟ. ಪಕ್ಕದಲ್ಲಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕರೊಬ್ಬರು ಬಂದು ಹುಷಾರಿದ್ದೀರಾ ಎಂದು ಕೇಳಿದರಂತೆ. "ಹುಷಾರಿದ್ದೀನಿ, ಅರಿಗಾತೋ, ಥ್ಯಾಂಕ್ಸ್, ತುಂಬಾ ಹುಷಾರಿದ್ದೀನಿ," ಎಂದು ಎರಡು ಸಲ ಹೇಳಿದ.

ಮಧ್ಯಾಹ್ನ ಮೂರಕ್ಕೆ ಸೆಂಡಾಯ್ ತಲುಪಿದರು. ಸಿಂಧೂರಾ ಕೆಳಗೆ ಓಡಿಬಂದು ಅಮ್ಮನನ್ನು ತಬ್ಬಿಕೊಂಡಳು. "ಅಮ್ಮಾ, finally! ಅಪ್ಪ ಎಲ್ಲಿ?" ಅಪ್ಪ ಆಗಲೇ ಗಾಡಿಯೊಳಗೆ ಬೂಟು ಕೂಡ ಬಿಚ್ಚದೆ ಮಲಗಿಬಿಟ್ಟಿದ್ದ. ಎಬ್ಬಿಸಬೇಡ ಎಂದರು ಅಮ್ಮ.

ಮಾರುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ. ಮರುದಿನ ಮೂವರೂ ಸಮುದ್ರದ ದಡಕ್ಕೆ ಹೋಗಿ ಅಲ್ಲೊಂದು ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿದರು. ಎರಡು ರಾತ್ರಿ ಇರುವುದೆಂದು ಮಾತು. ಮೂರನೆಯ ಬೆಳಿಗ್ಗೆ ಪ್ರಹ್ಲಾದ ಗಾಳಿ ಅಳೆದು, ಹೊರಡಲು ಎಲ್ಲ ಸಿದ್ಧ ಮಾಡಿ ಕರೆದಾಗ, ಸುಶೀಲಾ ಅವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲ ತನಕದ ನೀರಿನಲ್ಲಿ ಮಗಳ ಕೈ ಹಿಡಿದು ನಿಂತಿದ್ದರು.

"ಇನ್ನೆರಡು ದಿನ ಇರೋಣ ರೀ," ಎಂದು ಅಲ್ಲಿಂದಲೇ ಕೂಗಿದರು.

ಪ್ರಹ್ಲಾದ ಆಫೀಸಿಗೆ ಫೋನು ಮಾಡಿ ರಜೆ ಕೇಳಿದ.