ಹಾವುಮೀನಿನ ಮೊಟ್ಟೆ

1957ರ ಏಪ್ರಿಲ್‌ನಿಂದ 1958ರ ಜೂನ್‌ವರೆಗೆ ನಾನು ಇಪ್ಪತ್ತೇಳು ಹಾವುಮೀನುಗಳ ಹೊಟ್ಟೆ ಸೀಳಿ ನೋಡಿದ್ದೇನೆ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಐದು ಕಾಲಂ ಮಾಡಿಕೊಂಡಿದ್ದೆ: ತಾರೀಖು, ಸಿಕ್ಕ ಜಾಗ, ಉದ್ದ, ಹೊಟ್ಟೆಯಲ್ಲಿದ್ದ ಆಹಾರ, ಮೊಟ್ಟೆ. ಕೊನೆಯ ಕಾಲಮ್ಮಿನಲ್ಲಿ ಇಪ್ಪತ್ತಾರು ಸಲ ‘ಇಲ್ಲ’ ಎಂದಿದೆ, ಒಂದು ಸಲ ‘ಇದೆ’ ಎಂದಿದೆ. ಆ ‘ಇದೆ’ ಸುಳ್ಳು.

ಈಗ ನನಗೆ ಇಪ್ಪತ್ತೈದು. ಚನ್ನರಾಯಪಟ್ಟಣದ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಪಾಠ ಹೇಳುತ್ತೇನೆ. ಮೀನಿನ ಪಾಠ ಬಂದಾಗೆಲ್ಲ ಈ ನೋಟ್‌ಬುಕ್ಕು ನೆನಪಾಗುತ್ತದೆ, ಪಾಠ ಬೇಗ ಮುಗಿಸಿಬಿಡುತ್ತೇನೆ.

ನನ್ನ ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವಳನ್ನು ಹದಿನೇಳಕ್ಕೆ ಕೊಣನೂರಿನ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿದ್ದರು. ಏಳು ವರ್ಷವಾದರೂ ಮಕ್ಕಳಾಗಲಿಲ್ಲ. ಭಾವ ಕೆಟ್ಟವನಲ್ಲ, ಆದರೆ ತಾಯಿ ಕೂತ ಕಡೆ ಬಾಯಿ ಬಿಡುವವನೂ ಅಲ್ಲ. ಆ ವರ್ಷ ಯುಗಾದಿ ಕಳೆದ ಮೇಲೆ ಅಕ್ಕನ ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುವುದಾಗಿ ಹೇಳಿ ಕಳಿಸಿದಳು. ಅಪ್ಪ ಇಬ್ಬರು ಹಿರಿಯರನ್ನು ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಅವರ ಜಗಲಿಯ ಮೇಲೆ ಮಾತಾಯಿತು. ಕೊನೆಗೆ ಅತ್ತೆಯೇ ಒಂದು ಔಷಧಿಯ ವಿಷಯ ತೆಗೆದಳು. ಅರಕಲಗೂಡು ಕಡೆಯ ನಾಟಿ ವೈದ್ಯನೊಬ್ಬ ಹೇಳಿದ್ದಂತೆ: ಮೊಟ್ಟೆ ಕಟ್ಟಿದ ಹಾವುಮೀನಿನ ಮೊಟ್ಟೆಯನ್ನು ಕರಿಮೆಣಸು ಹಾಕಿ ಬೇಯಿಸಿ, ಮೂರು ದಿನ ಬರಿಹೊಟ್ಟೆಯಲ್ಲಿ ತಿನ್ನಬೇಕು.

ಹಿರಿಯರು ಅದನ್ನೇ ಹಿಡಿದುಕೊಂಡು ತೀರ್ಮಾನ ಹೇಳಿದರು. ಹುಡುಗಿ ಔಷಧಿ ತಿನ್ನಲಿ. ತಿಂದ ದಿನದಿಂದ ಒಂದು ವರ್ಷ ಕಾಯಬೇಕು. ಅಲ್ಲಿಯವರೆಗೆ ಇನ್ನೊಂದು ಮದುವೆಯ ಮಾತು ಎತ್ತಬಾರದು. ಆಮೇಲೂ ಆಗದಿದ್ದರೆ ತವರಿನವರು ಅಡ್ಡ ಬರಬಾರದು. ಎಲ್ಲರೂ ಒಪ್ಪಿ ಎಲೆಅಡಿಕೆ ಹಾಕಿಕೊಂಡರು. ಏಳುವಾಗ ಅತ್ತೆ ಒಂದು ಮಾತು ಸೇರಿಸಿದಳು:

“ಆವಿನಂಗೆ ಒಳ್ಳಾಡೋ ಅದ್ನ ನನ್ನ ಒಲೆ ಮ್ಯಾಲೆ ಇಕ್ಕಕ್ಕಿಲ್ಲ. ತವರ್ನಾಗೇ ತಿಂದ್ಕಂಡು ಬರ್ಲಿ.”

ಹಾಗೆ ಅಕ್ಕ ನಮ್ಮೂರು ಹೊಳೆನರಸೀಪುರಕ್ಕೆ ನಮ್ಮ ಜೊತೆಯಲ್ಲೇ ಬಂದಳು, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು. ಹದಿನೈದು ದಿನದಲ್ಲಿ ವಾಪಸು ಹೋಗುತ್ತೇನೆಂದು ಎರಡೇ ಸೀರೆ ತಂದಿದ್ದಳು.

ಹೇಮಾವತಿ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಅಲ್ಲಿ ಮೀನು ಹಿಡಿಯುವ ಮುದುಕರೊಬ್ಬರಿದ್ದರು. ಬಂಡೆ ಸಂದಿಗೆ ಕಪ್ಪೆ ಸಿಕ್ಕಿಸಿದ ಗಾಳ ಬಿಟ್ಟು ಹಾವುಮೀನು ಎಳೆಯುವುದು ಆ ದಂಡೆಯಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಹದಿನೈದು ದಿನಕ್ಕೊಂದು ಸಿಕ್ಕರೆ ಹೆಚ್ಚು. ನಾನು ಅಳತೆ ಟೇಪು ತೆಗೆದು ನೋಟ್‌ಬುಕ್ಕು ಬಿಚ್ಚಿದ್ದು ನೋಡಿ ಅವರಿಗೆ ನಗು.

“ಏನ್ ಬುದ್ಧಿ, ಮೀನ್ಗೂ ರೇಸನ್ ಕಾರ್ಡ್ ಮಾಡಿಸ್ತೀರಾ?”

“ಮೊಟ್ಟೆ ಇರೋದು ಬೇಕು ತಾತ.”

“ಮೊಟ್ಟೆನಾ? ನಾನು ಅಲ್ಲು ಬಂದಾಗಿಂದ ಇಡೀತಿವ್ನಿ, ಈಗ ಅಲ್ಲು ಓಗೂ ಆಯ್ತು. ಇದ್ರ ಒಟ್ಟೇಲಿ ಮೊಟ್ಟೆ ನಾ ಕಂಡಿಲ್ಲ. ಕೆಸ್ರಲ್ಲಿ ಉಟ್ಟೋ ಪ್ರಾಣಿ ಕಣ್ ಬುದ್ಧಿ ಇದು. ಅಪ್ಪ ಇಲ್ಲ, ಅವ್ವ ಇಲ್ಲ.”

ಅದನ್ನೂ ಬರೆದುಕೊಂಡೆ, ಆದರೆ ನಂಬಲಿಲ್ಲ.

ಹಿತ್ತಲ ಚಪ್ಪಡಿ ಕಲ್ಲಿನ ಮೇಲೆ ನಾನೇ ಸೀಳುತ್ತಿದ್ದೆ. ಕೈಗೆ ಬೂದಿ ಬಳಿದುಕೊಳ್ಳದಿದ್ದರೆ ಅದು ಹಿಡಿತಕ್ಕೆ ಸಿಗುತ್ತಿರಲಿಲ್ಲ. ಅವ್ವ ಆ ಕಡೆ ಬರುತ್ತಿರಲಿಲ್ಲ. ಅಕ್ಕ ಹಿತ್ತಲ ಬಾಗಿಲಿಗೆ ಒರಗಿ ನಿಂತಿರುತ್ತಿದ್ದಳು.

“ಐತೇನ್ಲಾ?”

“ಇಲ್ಲ ಕಣಕ್ಕ.”

ಪ್ರತಿ ಸಲವೂ ಇಷ್ಟೇ ಮಾತು. ಮೂರನೇ ಮೀನಿನಲ್ಲಿ ಹಳದಿ ಗಡ್ಡೆ ಕಂಡು ಕೂಗಿಕೊಂಡೆ. ಅವಳು ಓಡಿ ಬಂದಳು. ಬೆರಳಲ್ಲಿ ಒತ್ತಿದರೆ ಬರೀ ಕೊಬ್ಬು. ಆಮೇಲೆ ಎರಡು ಸಲ ನೋಡದೆ ನಾನು ಬಾಯಿ ಬಿಡಲಿಲ್ಲ. ಮೊಟ್ಟೆ ಇಲ್ಲದಿದ್ದರೆ ಮೀನಾದರೂ ಮೈಗೆ ಹಿಡಿಯಲಿ ಎಂದು ಅವ್ವ ಸಾರು ಮಾಡುತ್ತಿದ್ದಳು. ಅಕ್ಕನಿಗೆ ಆ ವಾಸನೆ ಆಗುತ್ತಿರಲಿಲ್ಲ. ಮೂಗು ಹಿಡಿದು ನುಂಗುವಳು, ಎಷ್ಟೋ ಸಲ ಹಿತ್ತಲಿಗೆ ಹೋಗಿ ವಾಂತಿ ಮಾಡುವಳು. ವಾಂತಿಗೂ ನನ್ನಲ್ಲಿ ಲೆಕ್ಕವಿದೆ: ಹನ್ನೊಂದು.

ಜುಲೈನಲ್ಲಿ ನಾನು ಹಾಸನದ ಕಾಲೇಜು ಸೇರಿದೆ. ಸೋಮವಾರ ರೈಲಿನಲ್ಲಿ ಹೋಗಿ ಶನಿವಾರ ಬರುತ್ತಿದ್ದೆ. ವಾರದ ನಡುವೆ ಸಿಕ್ಕ ಮೀನನ್ನು ತಾತ ದೊಡ್ಡ ಬಾನಿಯ ನೀರಿನಲ್ಲಿ ಜೀವಂತ ಇಟ್ಟಿರುತ್ತಿದ್ದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದ ಲೆಕ್ಚರರಿಗೆ ಹಳೆಯ ಗ್ರೀಕರ ಮೇಲೆ ಬಹಳ ಪ್ರೀತಿ. ಪಠ್ಯಪುಸ್ತಕ ಬದಿಗಿಟ್ಟು ಅವರ ವಿಚಾರಕ್ಕೆ ಇಳಿದುಬಿಡುತ್ತಿದ್ದರು. ಒಬ್ಬ ಗ್ರೀಕ ಕಾವಿಗಿಟ್ಟ ಕೋಳಿಮೊಟ್ಟೆಗಳನ್ನು ದಿನಕ್ಕೊಂದರಂತೆ ಒಡೆದು ನೋಡಿದನಂತೆ. ಮೂರು ದಿನ ಕಳೆದ ಮೇಲೆ ಬಿಳಿಯ ನಡುವೆ ರಕ್ತದ ಒಂದು ಚುಕ್ಕಿ, ಅದು ಮಿಡಿಯುತ್ತಿತ್ತಂತೆ. ದಿನಕ್ಕೊಂದು ಮೊಟ್ಟೆ, ದಿನಕ್ಕೊಂದು ಟಿಪ್ಪಣಿ. ಈ ಮನುಷ್ಯ ನನಗೆ ತುಂಬ ಹತ್ತಿರದವನೆನಿಸಿದ.

ಆ ಗ್ರೀಕರ ಪ್ರಕಾರ ತಿಂದ ಅನ್ನ ಮೈಯ ಕಾವಿನಲ್ಲಿ ಬೆಂದು ರಕ್ತವಾಗುತ್ತದೆ. ರಕ್ತ ಮೊದಲು ಮೈಯನ್ನು ಸಾಕುತ್ತದೆ. ಮಿಕ್ಕಿದ್ದು ಇನ್ನಷ್ಟು ಬೆಂದು ಬೀಜವಾಗುತ್ತದೆ, ಹೆತ್ತವಳಲ್ಲಿ ಹಾಲಾಗುತ್ತದೆ. ಕೊಬ್ಬಿದ ಪ್ರಾಣಿಯಲ್ಲಿ ಮಿಕ್ಕಿದ್ದೆಲ್ಲ ಕೊಬ್ಬಿಗೇ ಹೋಗುವುದರಿಂದ ಅದಕ್ಕೆ ಮರಿ ಕಡಿಮೆ. ಮತ್ತೆ ಮರಿಗೆ ರೂಪ ಕೊಡುವುದು ತಂದೆ. ತಾಯಿ ಒದಗಿಸುವುದು ಬರಿಯ ಸಾಮಗ್ರಿ, ಆಹಾರ. ಹಾಲಿಗೆ ಹೆಪ್ಪು ಬಿದ್ದ ಹಾಗೆ. ಹೆಪ್ಪು ತಂದೆಯದು, ಹಾಲು ತಾಯಿಯದು. ಇದೆಲ್ಲ ತಪ್ಪೆಂದು ಈಗ ಗೊತ್ತಾಗಿದೆ ಎಂದು ಲೆಕ್ಚರರು ಹೇಳಿದರು. ಆದರೆ ಕೊಣನೂರು ಕಡೆಯ ಆ ಜಗಲಿಯ ಮೇಲೆ ಕೂತಿದ್ದವರಿಗೆ ಇದನ್ನು ಹೇಳಿದ್ದರೆ ಒಬ್ಬರೂ ತಲೆದೂಗದೆ ಇರುತ್ತಿರಲಿಲ್ಲ. ನನ್ನ ಟಿಪ್ಪಣಿಯ ಅಂಚಿನಲ್ಲಿ ಆ ದಿನ ಬರೆದ ಪ್ರಶ್ನೆ ಹೀಗಿದೆ: “ಮೊಸರಾಗದಿದ್ದರೆ ಹೆಪ್ಪನ್ನು ಯಾಕೆ ಯಾರೂ ನೋಡುವುದಿಲ್ಲ?”

ಶನಿವಾರ ಅಕ್ಕನಿಗೆ ಇದನ್ನು ಹೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು.

“ಲೋ, ಆ ಗ್ರೀಕ್ನೋರ ಮನೇಲೂ ಅತ್ತೇರಿದ್ರೇನ್ಲಾ?”

ನಾವಿಬ್ಬರೂ ನಕ್ಕೆವು. ಒಳಗಿನಿಂದ ಅವ್ವ “ಅದೇನಮ್ಮ ನಗಾ?” ಎಂದಳು. ಆ ಹದಿನಾಲ್ಕು ತಿಂಗಳಲ್ಲಿ ಅಕ್ಕ ಹಾಗೆ ನಕ್ಕಿದ್ದು ನನಗೆ ಬೇರೆ ನೆನಪಿಲ್ಲ.

ಜನವರಿಯಲ್ಲಿ ತರಗತಿಯಲ್ಲಿ ಹಾವುಮೀನಿನ ಸರದಿ ಬಂತು. ಅದೇ ಗ್ರೀಕ ಹಾವುಮೀನುಗಳನ್ನೂ ಸೀಳಿ ನೋಡಿದ್ದ, ಮೊಟ್ಟೆಯೂ ಕಾಣಲಿಲ್ಲ, ಗಂಡಿನ ಬೀಜವೂ ಕಾಣಲಿಲ್ಲ, ಇವು ಕೆಸರಿನಿಂದಲೇ ಹುಟ್ಟುತ್ತವೆ ಎಂದು ತೀರ್ಮಾನಿಸಿದ ಎಂದು ಲೆಕ್ಚರರು ಹೇಳಿದರು. ತಾತ ಹೇಳಿದ್ದ ಅದೇ ಮಾತು. ನನಗೆ ತಡೆಯಲಾಗಲಿಲ್ಲ.

“ಸಾರ್, ನಾನೂ ಹತ್ತೊಂಬತ್ತು ಸೀಳಿದ್ದೀನಿ. ಒಂದ್ರಲ್ಲೂ ಇಲ್ಲ.”

ಹುಡುಗರೆಲ್ಲ ನಕ್ಕರು. ತರಗತಿ ಮುಗಿದ ಮೇಲೆ ಲೆಕ್ಚರರು ನನ್ನನ್ನು ಕರೆದು ನೋಟ್‌ಬುಕ್ಕು ತರಿಸಿಕೊಂಡರು. ಉದ್ದದ ಕಾಲಂ ಮೇಲೆ ಬೆರಳಾಡಿಸಿದರು. ಎರಡೂವರೆ ಅಡಿಗಿಂತ ಚಿಕ್ಕ ಮೀನು ಒಂದೂ ಇರಲಿಲ್ಲ.

“ಇದು ಮೊಟ್ಟೆ ಇಡೋದು ಸಮುದ್ರದಲ್ಲಿ ಕಣಪ್ಪ. ಹೊಳೆಯಲ್ಲಿ ಎಷ್ಟೋ ವರ್ಷ ಬರೀ ತಿಂದು ಬೆಳೆಯುತ್ತೆ. ಕೊನೆಗೆ ಕಾವೇರಿ ಹಿಡಿದು ಸಮುದ್ರಕ್ಕೆ ಹೋಗುತ್ತೆ. ಮೊಟ್ಟೆ ಬಲಿಯೋದು ಆಮೇಲೆ. ನಿಮ್ಮೂರ ಹೊಳೇಲಿ ನೀನು ಸಾವಿರ ಸೀಳಿದರೂ ಸಿಗಲ್ಲ. ಈಗಂತೂ ನಡುವೆ ಅಣೆಕಟ್ಟುಗಳು. ಇವು ಕೆಳಗೆ ಹೋಗೋದೂ ಕಷ್ಟ, ಮರಿ ಮೇಲೆ ಬರೋದೂ ಕಷ್ಟ. ನೀನು ಅಳೀತಿರೋದೆಲ್ಲ ಮುದಿ ಮೀನು.”

ಆ ದಿನ ನಾನು ನೋಟ್‌ಬುಕ್ಕಿನಲ್ಲಿ ಏನೂ ಬರೆದಿಲ್ಲ. ಸಿಗದ ಔಷಧಿಯನ್ನು ನನ್ನ ಅಕ್ಕನಿಗೆ ಬರೆದುಕೊಟ್ಟಿದ್ದರು. ಮನೆಗೆ ಬಂದೂ ಹೇಳಲಿಲ್ಲ. ಅವಳು ಮೀನಿನ ದಿನಕ್ಕೆ ಕಾಯುತ್ತಿದ್ದಳು. ಇನ್ನೂ ಏಳು ಮೀನು ಸೀಳಿದೆ, ಗೊತ್ತಿದ್ದೂ ಹೊಟ್ಟೆಯೊಳಗೆ ಬೆರಳಾಡಿಸಿದೆ, ಗೊತ್ತಿದ್ದೂ ‘ಇಲ್ಲ’ ಎಂದು ಬರೆದೆ.

ಮೊದಮೊದಲು ಭಾವ ತಿಂಗಳಿಗೆರಡು ಸಲ ಬರುತ್ತಿದ್ದ. ಜಗಲಿಯ ಮೇಲೆ ಕೂತು, ಅಕ್ಕ ಕೊಟ್ಟ ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಹೋಗುತ್ತಿದ್ದ. ಮಾರ್ಚಿನ ನಂತರ ಬರಲಿಲ್ಲ. ಏಪ್ರಿಲ್, ಮೇ ಎರಡೂ ಖಾಲಿ. ಅಕ್ಕ ಊಟ ಬಿಟ್ಟಳು. ಒಂದು ಭಾನುವಾರ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಅಳುತ್ತಿದ್ದಳು.

“ನಾನು ನನ್ನ ಮನೆಗೋಗ್ಬೇಕು ಕಣ್ಲಾ. ಮೊಟ್ಟೆ ತಿನ್ದೆ ಓದ್ರೆ ಅತ್ತೆ ಒಸ್ಲು ದಾಟಿಸಕ್ಕಿಲ್ಲ. ಏನಾರಾ ಮಾಡ್ಲಾ.”

ನಾನು ಮಾಡಿದೆ.

ಜೂನ್‌ನಲ್ಲಿ ಹೊಸ ನೀರು ಬಂದಾಗ ಗೆಂಡೆಮೀನುಗಳ ಹೊಟ್ಟೆ ತುಂಬ ಮೊಟ್ಟೆ. ಸಂತೆಯಿಂದ ಒಂದನ್ನು ತಂದು, ಅದರ ಮೊಟ್ಟೆ ತೆಗೆದು ಎಲೆಯಲ್ಲಿ ಸುತ್ತಿಟ್ಟುಕೊಂಡೆ. ಇಪ್ಪತ್ತೇಳನೆಯ ಹಾವುಮೀನನ್ನು ಸೀಳಿ, ಅಕ್ಕ ಬಾಗಿಲಿಗೆ ಬರುವ ಮೊದಲೇ ಅದರೊಳಗೆ ಇಟ್ಟೆ.

“ಐತೇನ್ಲಾ?”

“ಐತೆ ಕಣಕ್ಕ.”

ಅವಳು ಬಂದು ಮಂಡಿಯೂರಿ ಕೂತು ನೋಡಿದಳು, ಮುಟ್ಟಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವ್ವ ಅವತ್ತು ಮೊದಲ ಸಲ ಆ ಕಲ್ಲಿನ ಹತ್ತಿರ ಬಂದಳು. ಕರಿಮೆಣಸು ಹಾಕಿ ಬೇಯಿಸಿದರು. ಮೂರು ಬೆಳಿಗ್ಗೆಯೂ ಅಕ್ಕ ಮೂಗು ಹಿಡಿಯದೆ ತಿಂದಳು, ವಾಂತಿ ಆಗಲಿಲ್ಲ. ಅಪ್ಪ ಕಾರ್ಡು ಬರೆದರು. ವಾರದೊಳಗೆ ಭಾವ ಗಾಡಿ ಕಟ್ಟಿಕೊಂಡು ಬಂದ. ಅತ್ತೆ ಮಾತಿಗೆ ತಪ್ಪಲಿಲ್ಲ.

ಅದು ಸರಿಯಾಗಿ ಒಂದು ವರ್ಷ ನಡೆಯಿತು. ಪ್ರತಿ ತಿಂಗಳೂ ಯಾರಾದರೂ ಕೊಣನೂರಿನ ಕಡೆಯಿಂದ ಬಂದರೆ ಅವ್ವ ಕೇಳುವಳು, ಬಂದವರು ಇನ್ನೂ ಇಲ್ಲವೆಂದು ತಲೆ ಅಲ್ಲಾಡಿಸುವರು. 1959ರ ಜೂನ್ ಕಳೆಯಿತು. ಜುಲೈನಲ್ಲಿ ಅದೇ ಇಬ್ಬರು ಹಿರಿಯರು ನಮ್ಮ ಮನೆಗೆ ಬಂದು, ಮಾತಿನಂತೆ ಔಷಧಿಯೂ ಆಯಿತು, ವರ್ಷವೂ ಆಯಿತು ಎಂದರು. ಅಪ್ಪ ಎಲೆಅಡಿಕೆ ತಟ್ಟೆ ಮುಂದಿಟ್ಟರು. ಎರಡನೇ ಮದುವೆ ಆಗಬಾರದೆಂಬ ಕಾನೂನು ಆಗಲೇ ಬಂದಿತ್ತು, ನಮ್ಮ ಕಡೆ ಅದನ್ನು ಯಾರೂ ಬಾಯಲ್ಲಿ ಎತ್ತಲಿಲ್ಲ. ಗುಡಿಯೊಂದರಲ್ಲಿ ಧಾರೆಯಾಯಿತು. ನಾವು ಹೋಗಲಿಲ್ಲ. ಅಡಿಗೆಯ ಹೊಣೆಯೆಲ್ಲ ಅಕ್ಕನೇ ನೋಡಿಕೊಂಡಳಂತೆ.

ಎರಡು ವರ್ಷದಲ್ಲಿ ಕಿರಿಯವಳಿಗೆ ಗಂಡು ಮಗುವಾಯಿತು. ಆಗ ಅಕ್ಕ ಹಬ್ಬಕ್ಕೆಂದು ನಮ್ಮಲ್ಲಿಗೆ ಬಂದಿದ್ದಳು. ಬಾಣಂತನಕ್ಕೆ ಕೈ ಬೇಕೆಂದು ಹೇಳಿಕಳಿಸಿದರು. ಅವ್ವ ಮೆಂತ್ಯ, ಬೆಲ್ಲ, ಒಣಕೊಬ್ಬರಿ ಮೂಟೆ ಕಟ್ಟಿಕೊಟ್ಟಳು. ನಾನು ಬಸ್ ಸ್ಟ್ಯಾಂಡಿಗೆ ಬಿಡಲು ಹೋದೆ. ಅರಕಲಗೂಡಿನ ಮೇಲೆ ಹೋಗುವ ಬಸ್ಸು ತಡವಾಗಿತ್ತು. ಇಬ್ಬರೂ ಗೋಡೆಯ ನೆರಳಿನಲ್ಲಿ ಕೂತೆವು.

“ಅವ್ಳಿಗೆ ಔಸ್ದಿ ಇಲ್ದೆ ಆಯ್ತು,” ಎಂದಳು ಅಕ್ಕ. “ನಂಗೆ ಆ ಮೊಟ್ಟೆ ತಿಂದ್ರೂ ಆಗ್ನಿಲ್ಲ. ಈ ಒಟ್ಟೇಲೇ ಏನೋ ದೋಸ ಐತೆ ಕಣ್ಲಾ. ಯಾರ್ನ ಅಂದೇನು?”

ಮೂರು ವರ್ಷ ಹೊತ್ತಿದ್ದನ್ನು ಇಳಿಸಿದರೆ ಅವಳ ಭಾರವೂ ಇಳಿದೀತೆಂದುಕೊಂಡೆ. ಗೆಂಡೆಮೀನಿನ ವಿಷಯ ಪೂರ್ತಿ ಹೇಳಿದೆ. ಲೆಕ್ಚರರು ಹೇಳಿದ್ದನ್ನೂ ಹೇಳಿದೆ: ನಮ್ಮ ಹೊಳೆಯ ಹಾವುಮೀನಿನಲ್ಲಿ ಮೊಟ್ಟೆ ಎಂದೂ ಇರುವುದಿಲ್ಲ, ಆ ಔಷಧಿ ಯಾರಿಗೂ ಸಿಗುವಂಥದ್ದೇ ಅಲ್ಲ.



“ಎಂದೂ ಸಿಕ್ಕಾಕಿಲ್ವಾ?”

“ಇಲ್ಲ ಅಕ್ಕ.”

“ಅಂಗಾದ್ರೆ ನಾನು ತಿಂತಾನೂ ಇರ್ಲಿಲ್ಲ, ಆ ವರ್ಸ ಸುರುವೂ ಆಯ್ತಿರ್ಲಿಲ್ಲ. ನಾನು ಬದ್ಕಿರಾಗಂಟ ಅವ್ರು ಇನ್ನೊಂದು ಎಣ್ಣು ತರಂಗೇ ಇರ್ಲಿಲ್ವಲ್ಲೋ.”

ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಅಷ್ಟು ಲೆಕ್ಕ ಇಟ್ಟವನು ನಾನು.

“ನೀನು ಮನೆಗೋಗ್ಬೇಕು ಅಂತ ಅಳ್ತಿದ್ದೆ ಅಕ್ಕ.”

“ಅಳ್ತಿದ್ದೆ. ಅಳೋರ್ನ ಅಳಕ್ಕೆ ಬುಡ್ಬೇಕು ಕಣೋ.”

ಬಸ್ಸು ಬಂತು. ಜನ ನುಗ್ಗಿದರು. ಅವಳು ಎದ್ದು ಸೀರೆ ಕೊಡವಿಕೊಂಡು ಹತ್ತಿದಳು. ಮೂಟೆ ನನ್ನ ಕೈಯಲ್ಲೇ ಉಳಿದಿತ್ತು. ಕಿಟಕಿಯ ಸರಳುಗಳ ನಡುವೆ ತೂರುವುದಿಲ್ಲವೆಂದು ಬಾಗಿಲ ಕಡೆಗೆ ಓಡಿದೆ. ಕಂಡಕ್ಟರು ಅದನ್ನು ಈಸಿಕೊಂಡು ಒಳಗೆ ದಾಟಿಸಿದ. ಅವಳು ಅದನ್ನು ಮಡಿಲಲ್ಲಿ ಇಟ್ಟುಕೊಂಡು, ಗಂಟು ಬಿಗಿಯಾಗಿದೆಯೇ ಎಂದು ನೋಡಿಕೊಂಡಳು. ಬಸ್ಸು ತಿರುಗಿ ಅರಕಲಗೂಡಿನ ರಸ್ತೆ ಹಿಡಿಯುವವರೆಗೂ ನಾನು ಅಲ್ಲೇ ನಿಂತಿದ್ದೆ. ಅವಳು ಈ ಕಡೆ ತಿರುಗಲಿಲ್ಲ.