ಬಾಕ್ಸು ಮಲಗಲೆಂದು ಎದ್ದಿರುವ ತನುಜ

“ಇನ್ಮೇಲೆ ಒಂದು ಸಲ ಬ್ಯಾಟರಿ ಹಾಕಿದ್ರೆ, ಹುಳ ಹಣ್ಣಾಗೋವರೆಗೂ ನೀವು ಬಾಕ್ಸಿನ ಮುಚ್ಚಳ ತೆಗೆಯೋ ಅಗತ್ಯಾನೇ ಬರಲ್ಲ. ಇದು ನನ್ನ ಮಾತು.”

ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ, ಸತ್ತ ರೇಷ್ಮೆಹುಳಗಳನ್ನು ಗುಂಡಿಗೆ ಸುರಿಯುತ್ತಿದ್ದ ಓಬಳಮ್ಮನವರ ಮುಂದೆ ನಿಂತು ತನುಜ ಹೀಗೆ ಹೇಳಿ ವರ್ಷಗಳೇ ಆದವು. ಅಂದು ಕರೆಂಟು ಹೋಗಿ, ಫ್ಯಾನು ನಿಂತು ಹುಳುಮನೆಯ ಶಾಖ ಏರಿತ್ತು. ಶಾಖ ಏರಿದರೆ ಫೋನು ಮಾಡಿ ಎಚ್ಚರಿಸಬೇಕಿದ್ದ ಬಾಕ್ಸಿನ ಬ್ಯಾಟರಿ ಅದಕ್ಕೂ ಮೊದಲೇ ತೀರಿತ್ತು. ಬಾಕ್ಸನ್ನೇ ನಂಬಿ ಮನೆಯವರೆಲ್ಲ ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋಗಿದ್ದರು.

ಈಗಲೂ ಬೆಳಕು ಹರಿಯುವ ಹೊತ್ತಿಗೆ ತನುಜ ಅದೇ ಹುಳುಮನೆಯ ಕಿಟಕಿಯ ಹೊರಗಿದ್ದಾರೆ. ಒಳಗೆ ಹೋಗುವುದಿಲ್ಲ. ಬೆಳೆ ನಡೆಯುವಾಗ ಹೊರಗಿನವರು ಕಾಲಿಟ್ಟರೆ ಹುಳಕ್ಕೆ ರೋಗ ತಗಲುತ್ತದೆಂದು ಇಲ್ಲಿ ಯಾರೂ ಬಿಡುವುದಿಲ್ಲ. ಪರದೆಯಾಚೆ ನೇತಾಡುವ ಬಾಕ್ಸನ್ನು ನೋಡುತ್ತಾರೆ, ಅದರ ಬ್ಯಾಟರಿ ಎಷ್ಟಿದೆಯೆಂದು ಫೋನಿನಲ್ಲಿ ನೋಡುತ್ತಾರೆ, ಮತ್ತೆ ಬಾಕ್ಸು.

ಚಿಂತಾಮಣಿಯಲ್ಲಿ ಮೋಟಾರ್ ರಿವೈಂಡಿಂಗ್ ಮಾಡುತ್ತಿದ್ದ ಬಯ್ಯಪ್ಪನವರ ಮಗಳು ತನುಜ. ಡಿಪ್ಲೊಮಾ ಮುಗಿಸಿ ಈ ಬಾಕ್ಸುಗಳನ್ನು ಮಾಡುವ ಚಿಕ್ಕಬಳ್ಳಾಪುರದ ಸಣ್ಣ ವರ್ಕ್‌ಶಾಪಿಗೆ ಸೇರಿದವರು. ದಿನಾ ಬಸ್ಸಿನಲ್ಲಿ ಓಡಾಟ. ಬಾಕ್ಸಿನ ಮೇಲೆ ಅವರ ಹೆಸರಿಲ್ಲ.

ಹಳೆಯ ಬಾಕ್ಸಿನ ಆಪರೇಟಿಂಗ್ ಸಿಸ್ಟಮ್ ಸೆಕೆಂಡಿಗೆ ನೂರು ಸಲ ಎದ್ದು ಏನಾದರೂ ಕೆಲಸವಿದೆಯೇ ಎಂದು ನೋಡುತ್ತಿತ್ತು. ಬಹುಪಾಲು ಇರುತ್ತಿರಲಿಲ್ಲ. ಮಗು ಮಲಗಿತಾ ಅಂತ ಗಳಿಗೆಗೊಮ್ಮೆ ಬಾಗಿಲು ಸರಿಸಿ ಎಬ್ಬಿಸಿಬಿಡುತ್ತೇವಲ್ಲ, ಆ ಥರ. ಸುಮ್ಮಸುಮ್ಮನೆ ಏಳುವುದರಲ್ಲೇ ಬ್ಯಾಟರಿ ಮುಗಿಯುತ್ತಿತ್ತು. ತನುಜ ಹೀಗೆ ಎಬ್ಬಿಸುವ ಟೈಮರುಗಳನ್ನು ಒಂದೊಂದಾಗಿ ಹುಡುಕಿ ನಿಲ್ಲಿಸಿದ್ದಾರೆ. ಈಗ ಬಾಕ್ಸು ಮುಂದಿನ ಕೆಲಸ ಯಾವಾಗೆಂದು ನೋಡಿಕೊಂಡು ಅಲ್ಲಿಯವರೆಗೆ ಮಲಗುತ್ತದೆ. ಎದ್ದು ಶಾಖ ಅಳೆದು, ಏರಿದ್ದರೆ ಫೋನು ಮಾಡುತ್ತದೆ. ಮಿಣುಕುತ್ತಿದ್ದ ಹಸಿರು ದೀಪಕ್ಕೂ ಒಂದು ಟೈಮರು ಬೇಕಿತ್ತು. ಅದನ್ನೂ ತೆಗೆದರು.

“ಎಬ್ಬಿಸಿ ಇಡೋದು ಸುಲಭ. ಮಲಗಿದ್ದು ಹೊತ್ತಿಗೆ ಸರಿಯಾಗಿ ಏಳುತ್ತೆ ಅಂತ ನಂಬೋದೇ ಕಷ್ಟ. ಅನ್ನ ಕಲಸ್ತಾ ಇದ್ರೂ ಅದೇ ಯೋಚ್ನೆ: ಏಳ್ದೇ ಹೋದ್ರೆ?” ಎನ್ನುತ್ತಾರೆ.

ಇವತ್ತಿನ ಚಿಂತೆ ಬೇರೆ. ಹುಳ ಹಣ್ಣಾಗಿ ಗೂಡು ಕಟ್ಟಲು ಇನ್ನೂ ಎರಡು ಮೂರು ದಿನವಿದೆ. ಬ್ಯಾಟರಿ ಅಂದುಕೊಂಡದ್ದಕ್ಕಿಂತ ಬೇಗ ಇಳಿದಿದೆ.

“ಅಮ್ಮ, ಬಾಕ್ಸಿನ ಬಟನ್ ಒತ್ತುತಾ ಇದ್ದೀರಾ?”

“ಸೊಪ್ಪು ಹಾಕೋಕ್ಕೆ ಹೋದಾಗೆಲ್ಲ ಒತ್ತುತೀನಿ,” ಎಂದರು ಓಬಳಮ್ಮ. “ದೀಪಾನೂ ಕಿತ್ತಾಕಿದ್ದೀಯ. ಬದುಕಿದೆಯೋ ಸತ್ತಿದೆಯೋ ನೋಡ್ಬೇಡ್ವೇನಮ್ಮ?”

“ಒತ್ತಿದಾಗೆಲ್ಲ ಅದು ಎದ್ದುಬಿಡುತ್ತಮ್ಮ. ಜ್ವರದಲ್ಲಿರೋ ಹುಳ ನೀವು ಮುಟ್ತೀರಾ? ಇದೂ ಹಂಗೇ.”

ಪೊರೆ ಬಿಡುವ ಮುನ್ನ ಹುಳ ಮೇವು ಬಿಟ್ಟು ಅಲ್ಲಾಡದೆ ಇರುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆ. ಓಬಳಮ್ಮ ಜೋರಾಗಿ ನಕ್ಕರು.

“ಏಮ್ಮಾ! ಜ್ವರದ ಹುಳ ತಲೆ ಎತ್ಕೊಂಡಿರುತ್ತೆ, ನೋಡಿದ್ರೇ ಗೊತ್ತಾಗುತ್ತೆ. ನಿನ್ ಬಾಕ್ಸು ಏನು ಎತ್ತುತ್ತೆ ಹೇಳು?”

ತನುಜ ಬಸ್ಸಿಗೆ ಹೊರಟರು. ದಾರಿಯಲ್ಲಿ ಅಂದರು: “ಒತ್ತಬೇಡಿ ಅಂತ ಯಾವ ಬಾಯಲ್ಲಿ ಹೇಳ್ಲಿ? ಅವತ್ತು ಬಾಕ್ಸು ನಂಬಿ ಸುಮ್ನಿದ್ರು, ಹುಳ ಹೋಯ್ತು.”

ಮಾರನೆಯ ದಿನ ವರ್ಕ್‌ಶಾಪಿನಲ್ಲಿ ತನುಜ ಊಟದ ಡಬ್ಬಿ ತೆರೆದಿಲ್ಲ. ಬ್ಯಾಟರಿ ತಳ ಸೇರುತ್ತಿದೆ, ಹೊರಗೆ ಬಿಸಿಲು ಏರುತ್ತಿದೆ. ಜೊತೆಗೆ ಕೆಲಸ ಮಾಡುವ ವೇಣು ಸಮಾಧಾನ ಹೇಳುತ್ತಾರೆ: “ನಾಳೆವರ್ಗೂ ಎಳೆಯುತ್ತೆ ಬಿಡು. ನಿನ್ ಮಾತೂ ಉಳಿಯುತ್ತೆ.”

“ಎಳೀದೇ ಹೋದ್ರೆ ಹುಳ ನೀನು ತಂದ್ಕೊಡ್ತೀಯೇನೋ?”

ತನುಜ ಫೋನು ಎತ್ತಿಕೊಂಡರು. “ಅಮ್ಮ, ಮುಚ್ಚಳ ತೆಗೆದು ಹೊಸ ಬ್ಯಾಟರಿ ಹಾಕಿ.”

“ಇನ್ನೂ ಹಣ್ಣಾಗಿಲ್ವಲ್ಲಮ್ಮ!”

“ಗೊತ್ತಮ್ಮ. ಈಗ್ಲೇ ಹಾಕಿ. ನಾನು ಲೈನಲ್ಲೇ ಇರ್ತೀನಿ.”

ಹುಳ ಹಣ್ಣಾದದ್ದು ಅದರ ಮರುದಿನ. ಬೆಳೆ ಕೈಗೆ ಬಂತು. ತನುಜ ಕೊಟ್ಟ ಮಾತು ಈ ಸಲವೂ ನಡೆಯಲಿಲ್ಲ.