ಅಂಚಿನ ಕೆಂಪು ದೀಪ

ಇವತ್ತು ಬೆಳಿಗ್ಗೆ ಮಗಳ ಲ್ಯಾಪ್‌ಟಾಪಿಗೆ ವೈಫೈ ಸಿಗಲಿಲ್ಲ. ನಾನು ಕನ್ನಡಕ ಏರಿಸಿಕೊಂಡು ಬಂದು, ಮೊದಲು ಅದರ ಮುಂದಿನ ಅಂಚನ್ನು ಬೆರಳಿನಿಂದ ಸವರಿದೆ. "ಅಲ್ಲೆಂತ ಹುಡ್ಕುದ್ ಅಪ್ಪಾ?" ಎಂದಳು. ಹೌದಲ್ಲ, ಈಗಿನವಕ್ಕೆ ಅಲ್ಲಿ ಏನೂ ಇರುವುದಿಲ್ಲ. ಆದರೂ ನನ್ನ ಬೆರಳು ಅಲ್ಲಿಗೇ ಹೋಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಏಳೆಂಟು ವರ್ಷದ ಹಿಂದಿನ ಮಾತು. ಬ್ರಹ್ಮಾವರದ ಈ ಮನೆಯಲ್ಲಿ ಅಮ್ಮ ನಮ್ಮೊಟ್ಟಿಗಿದ್ದಳು. ಕಿವಿ ಪೂರ್ತಿ ಹೋಗಿತ್ತು. ತುಟಿ ನೋಡಿ ಮಾತು ತಿಳಿಯುತ್ತಿದ್ದಳು. ಮುಂಬೈಯ ಚಿಕ್ಕಮ್ಮ ಫೋನು ಮಾಡಿದರೆ ಅಮ್ಮನಿಗೆ ಅದೊಂದು ಕರಿ ಡಬ್ಬಿ, ಅಷ್ಟೆ. ಹಾಗಾಗಿ ಲ್ಯಾಪ್‌ಟಾಪು ತಂದೆ, ವೈಫೈ ಹಾಕಿಸಿದೆ. ಎಷ್ಟೋ ವರ್ಷದ ಮೇಲೆ ಪರದೆಯಲ್ಲಿ ತಂಗಿಯನ್ನು ಕಂಡು ಅಮ್ಮ ಹೇಳಿದ ಮೊದಲ ಮಾತು, "ಹೆಣೆ, ನಿನ್ ತಲಿ ಎಲ್ಲ ಬೆಳಿ ಆಯ್ತಲೆ." ಆಮೇಲೆ ಪ್ರತಿ ಭಾನುವಾರ ಸೀರೆ ಬದಲಿಸಿಯೇ ಲ್ಯಾಪ್‌ಟಾಪಿನ ಮುಂದೆ ಕೂರುವುದು.

ಚಿಕ್ಕಮ್ಮನಿಗೆ ಹೃದಯದ ಆಪರೇಷನ್ ನಿಗದಿಯಾಯಿತು. ಬದುಕುವುದು ಅರ್ಧಕ್ಕರ್ಧ ಎಂದು ಡಾಕ್ಟರು ಅವಳ ಮಗನಿಗೆ ಹೇಳಿದ್ದರಂತೆ. ನಾನು ಅಮ್ಮನಿಗೆ ಸಣ್ಣ ಆಪರೇಷನ್ ಎಂದೆ. ಇಡೀ ಊರಿನ ಚಿಂತೆ ಹೊರುವವನು ನಾನು, ಆದರೆ ಬಾಯಿ ಬಿಟ್ಟು ಹೇಳುವವನಲ್ಲ. ಹನ್ನೊಂದಕ್ಕೆ ಅವಳನ್ನು ಒಳಗೆ ಕರೆದೊಯ್ಯುವುದು, ಹತ್ತೂವರೆಗೆ ಅಕ್ಕತಂಗಿಯರ ಮಾತು ಎಂದಾಯಿತು.

ಹತ್ತೂವರೆಗೆ ವೈಫೈ ಇಲ್ಲ. ಮೋಡೆಮ್ಮಿನ ದೀಪಗಳೆಲ್ಲ ಸರಿಯಾಗಿಯೇ ಉರಿಯುತ್ತಿದ್ದವು. ಆದರೂ ಅದನ್ನು ಮೂರು ಸಲ ಆಫ್ ಮಾಡಿ ಆನ್ ಮಾಡಿದೆ. ಲ್ಯಾಪ್‌ಟಾಪು ರೀಸ್ಟಾರ್ಟ್ ಮಾಡಿದೆ. ಪಾಸ್‌ವರ್ಡ್ ಹಾಕೋಣವೆಂದರೆ ಅದು ಕೇಳಿದರಲ್ಲವೇ? ಹೊರಗೆ ಹೋಗಿ ಕಂಬದ ವಯರನ್ನೂ ನೋಡಿ ಬಂದೆ, ನೋಡಿದರೆ ಗೊತ್ತಾಗುವವನ ಹಾಗೆ. ಹತ್ತೂ ಮುಕ್ಕಾಲು. ಇಂಟರ್ನೆಟ್ಟಿನವರನ್ನು ಬೈಯುತ್ತ ಬೆವರುತ್ತಿದ್ದೆ.

ಅಮ್ಮ ನನ್ನ ಬೈಗಳು ಕೇಳಲಾರಳು, ಯಂತ್ರವನ್ನೇ ನೋಡುತ್ತಿದ್ದಳು. ಅಂಚಿನ ಮೇಲೆ ಬೆರಳಿಟ್ಟಳು. "ಈ ದೀಪ ದಿನಾ ನೀಲಿ ಇಪ್ದ್ ಅಲ್ದಾ? ಇವತ್ತ್ ಎಂತಕ್ಕೆ ಕೆಂಪ್ ಮಗಾ?"

ದೀಪದ ಪಕ್ಕದಲ್ಲಿ, ವೈಫೈ ಆನ್ ಆಫ್ ಮಾಡುವ, ಉಗುರಿನಷ್ಟು ಒಂದು ಗುಂಡಿ. ಎರಡು ದಿನದ ಹಿಂದೆ ಆಯುಧ ಪೂಜೆಯಲ್ಲಿ ಕತ್ತಿ, ಸ್ಕೂಟರಿನೊಟ್ಟಿಗೆ ಲ್ಯಾಪ್‌ಟಾಪಿಗೂ ಗಂಧ ಕುಂಕುಮ ಹಚ್ಚಿದ್ದೆವು. ಅಕ್ಕತಂಗಿಯರ ಮಾತಿಗೆ ಚೊಕ್ಕ ಇರಲೆಂದು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ತಿಕ್ಕಿ ಒರೆಸಿದವನು ನಾನೇ. ಆ ತಿಕ್ಕಾಟಕ್ಕೆ ಗುಂಡಿ ಜಾರಿತ್ತು. ಹಿಂದೆ ತಳ್ಳಿದೆ. ದೀಪ ನೀಲಿಯಾಯಿತು.

ಚಿಕ್ಕಮ್ಮ ಕಂಡಳು, ಆಸ್ಪತ್ರೆಯ ಹಸಿರು ಅಂಗಿಯಲ್ಲಿ, ಕೆನ್ನೆ ಒಳಗೆ ಹೋಗಿ. ಆಪರೇಷನ್ನಿಗೆಂದು ಹಲ್ಲಿನ ಸೆಟ್ಟು ತೆಗೆಸಿದ್ದರು. ಅಮ್ಮನಿಗೆ ಆ ತುಟಿ ಓದಲು ಬರಲಿಲ್ಲ. "ಹಲ್ಲ್ ಹಾಯ್ಕಣ್ ಹೆಣೆ, ಎಂತ ಹೇಳ್ತೆ ಅಂದೇಳಿ ಗೊತ್ತಾತಿಲ್ಲೆ" ಎಂದಳು. ನರ್ಸು ಆಗಲೇ ಬಾಗಿಲಲ್ಲಿ ನಿಂತಿದ್ದಳು.

ಉಳಿದದ್ದು ನನ್ನ ತುಟಿ. ಅಮ್ಮನ ಎದುರು ಕುಕ್ಕರುಗಾಲಲ್ಲಿ ಕೂತು, ಚಿಕ್ಕಮ್ಮ ಹೇಳಿದ್ದನ್ನೆಲ್ಲ ಹೇಳುತ್ತ ಹೋದೆ. ಊಟ ಬಿಟ್ಟು ಕೂರಬೇಡ ಎಂದಳು, ಹೇಳಿದೆ. ಆಮೇಲೆ ಅವಳು ಅಂದದ್ದನ್ನೂ ಹೇಳಬೇಕಾಯಿತು.

"ನಂಗ್ ಹೆದ್ರಿಕಿ ಆತ್."

ಹುಟ್ಟಿದಂದಿನಿಂದ ನಾನು ಅಮ್ಮನಿಗೆ ಹೇಳದ ಮಾತು ಅದು. ಅಮ್ಮ ಪರದೆಯ ಕಡೆ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ, ನನ್ನ ಕೆನ್ನೆ ಹಿಡಿದುಕೊಂಡು ಹೇಳಿದಳು, "ಹೆದ್ರುಕೆ ಎಂತ ಇತ್ತ್? ನಾನ್ ಇಲ್ಲೇ ಕೂಕಂಡಿರ್ತೆ."

ಆಪರೇಷನ್ ಮುಗಿದ ಸುದ್ದಿ ಬರುವವರೆಗೆ ಅಮ್ಮ ಅಲ್ಲಿಂದ ಏಳಲಿಲ್ಲ.

ಚಿಕ್ಕಮ್ಮ ಉಳಿದಳು. ಅಮ್ಮ ಹೋಗಿ ಮೂರು ವರ್ಷವಾಯಿತು. ನೋಡಿ, ಚಿಂತೆ ಮಾಡುವುದರಲ್ಲಿಯೂ ನಾನು ವಿಳಾಸ ತಪ್ಪಿದವನು. ಇವತ್ತು ಭಾನುವಾರ. ಮಗಳು ಹೇಗೋ ವೈಫೈ ಸರಿ ಮಾಡಿ ಎದ್ದು ಹೋದಳು. ಚಿಕ್ಕಮ್ಮ ಈಗ ನನ್ನೊಟ್ಟಿಗೆ ಮಾತಾಡುತ್ತಾಳೆ. ಹಳೆಯ ರೂಢಿ, ಒಂದೊಂದು ಮಾತನ್ನೂ ನಿಧಾನಕ್ಕೆ, ಬಾಯಿ ದೊಡ್ಡದು ಮಾಡಿ, ತುಟಿ ಚೆನ್ನಾಗಿ ಕಾಣುವ ಹಾಗೆ ಹೇಳುತ್ತಾಳೆ.

ನನಗೆ ಕಿವಿ ಕೇಳುತ್ತದೆಂದು ನಾನು ಅವಳಿಗೆ ನೆನಪಿಸಿಲ್ಲ.